ನ್ಯೂಜಿಲೆಂಡ್ ಪ್ರವಾಸದ ನಾಲ್ಕನೆಯ ಸೀಟಿನ ಕುರಿತು

ಇಲಾಖೆಯ ಹೆಸರು: (ಮನೆಯಲ್ಲಿ ಒಮ್ಮತ ಬಾರದ ಕಾರಣ ಸದ್ಯಕ್ಕೆ ಖಾಲಿ ಬಿಡಲಾಗಿದೆ)
ಕಾರ್ಯಾಲಯ: ನಡುಮನೆ, ಫ್ರಿಜ್ಜಿನ ಎಡಮಗ್ಗುಲು, ಬನಹಟ್ಟಿ

ಸಂಖ್ಯೆ: ಪ್ರವಾಸ/ನ್ಯೂಜಿ/ಸೀಟು/ಮೂಗು/04
ದಿನಾಂಕ: ಕರಡು ಬುಧವಾರ, ಹೊರಡಿಸಿದ್ದು ಗುರುವಾರ, ಕರೆಂಟು ಬಂದ ಮೇಲೆ

ಸುತ್ತೋಲೆ

ವಿಷಯ: ನ್ಯೂಜಿಲೆಂಡ್ ಎಂಬ ದ್ವೀಪದೇಶದ ಕಾಡು, ಗುಡ್ಡ, ಹೊಳೆ, ಬಿಸಿನೀರ ಬುಗ್ಗೆ ಹಾಗೂ ಅಲ್ಲಿನ ಮೂಲನಿವಾಸಿಗಳ ಊರಿಗೆ ಕೈಗೊಳ್ಳಲಿರುವ ಪ್ರವಾಸದಲ್ಲಿ ಪಾಲಿಸಬೇಕಾದ ನಿಯಮಗಳು ಮತ್ತು ನಾಲ್ಕನೆಯ ಸೀಟಿಗೆ ಯೋಗ್ಯ ಗಂಡಸನ್ನು ನೇಮಿಸುವ ಬಗ್ಗೆ.

ಉಲ್ಲೇಖ:
1. ನ್ಯೂಜಿಲೆಂಡಿನಿಂದ ಬಂದ ಆಹ್ವಾನ.
2. ಶ್ರೀಮತಿ ರುಕ್ಮವ್ವನವರ ಮೌಖಿಕ ಆದೇಶ, ಮಗ್ಗದ ಶೆಡ್ಡಿನ ಬಾಗಿಲು, ಸೋಮವಾರ ಸಂಜೆ.
3. ಸೊಸೆ ಶ್ರೀದೇವಿಯವರ ಮೊಬೈಲ್ ಫೋನು.
4. ಇದೇ ವಿಷಯದ ಹಿಂದಿನ ಸುತ್ತೋಲೆ. ಇದರ ಮೇಲೆ ಮೊಸರಿನ ಪಾತ್ರೆ ಇಡಲಾಗಿದ್ದು, ಈಗ ಓದಲು ಬರುವುದಿಲ್ಲ.

*

1. ಹಿನ್ನೆಲೆ

ಬನಹಟ್ಟಿಯಲ್ಲಿ ಸೀರೆ ನೇಯುವ ರುಕ್ಮವ್ವನವರಿಗೂ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರಲ್ಲಿ ಒಂದು ಜಾತಿಯ ಉದ್ದೆಲೆಯ ಗಿಡದ ನಾರಿನಿಂದ ಚಾಪೆ, ಬುಟ್ಟಿ, ಮೇಲುಹೊದಿಕೆ ಹೆಣೆಯುವ ಕೆಲವು ಹೆಣ್ಣುಮಕ್ಕಳಿಗೂ ಕಳೆದ ವರ್ಷದಿಂದ ಮೊಬೈಲ್ ಫೋನಿನ ಮೂಲಕ ಗೆಳೆತನ ಬೆಳೆದಿರುತ್ತದೆ. ಅವರು ಇವರ ಸೀರೆಯ ಸೆರಗು ನೋಡಿ ಹುಬ್ಬು ಹಾರಿಸುವುದು, ಇವರು ಅವರ ಬುಟ್ಟಿ ನೋಡಿ ದೃಷ್ಟಿ ತಾಗದಿರಲೆಂದು ಲಟಕ್ಕನೆ ಬೆರಳು ಮುರಿಯುವುದು ನಡೆದಿದ್ದು, ಈ ಗೆಳೆತನಕ್ಕೆ ಇಲಾಖೆಯ ಪೂರ್ವಾನುಮತಿ ಪಡೆದಿರುವುದಿಲ್ಲ. ಇದರ ಪರಿಣಾಮವಾಗಿ, ನಮ್ಮೂರಿಗೆ ಬನ್ನಿರಿ, ಕೂಡಿ ನೇಯೋಣ ಎಂಬ ಆಹ್ವಾನ ಬಂದಿದೆ.

ಈ ಸುತ್ತೋಲೆಯನ್ನು ಬರೆಯುತ್ತಿರುವವರು ರುಕ್ಮವ್ವನವರ ಯಜಮಾನರಾದ ಶಂಕರೆಪ್ಪನವರು. ಜಮಖಂಡಿಯ ಒಂದು ಕಚೇರಿಯಲ್ಲಿ ಜೀವಮಾನವಿಡೀ ಸುತ್ತೋಲೆ ಬರೆದು ನಿವೃತ್ತರಾದವರು. ಅಧಿಕೃತ ಪತ್ರದಲ್ಲಿ ‘ನಾನು’ ಎಂಬ ಶಬ್ದ ಬಳಸುವುದು ಶಿಸ್ತಿಗೆ ಧಕ್ಕೆ ತರುವುದರಿಂದ ಅವರನ್ನು ಮುಂದೆ ‘ಸದರಿಯವರು’ ಎಂದು ಕರೆಯಲಾಗುವುದು.

ಸದರಿಯವರಿಗೆ ಸ್ವಂತ ಹೆಸರು ಮತ್ತು ಪದನಾಮ ಎರಡೂ ಇದ್ದಾಗ್ಯೂ, ಓಣಿಯ ಜನ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಮತ್ತು ದವಾಖಾನೆಯ ಕಂಪೌಂಡರ್ ಅವರನ್ನು ‘ರುಕ್ಮವ್ವನ ಗಂಡ’ ಎಂದೇ ಕರೆಯುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಇದನ್ನು ಈ ಕ್ಷಣದಿಂದ ನಿಷೇಧಿಸಲಾಗಿದೆ. ‘ನಿವೃತ್ತ ಪ್ರಥಮ ದರ್ಜೆ ಸಹಾಯಕರು’ ಎಂದು ಪೂರ್ತಿಯಾಗಿ ಕರೆಯತಕ್ಕದ್ದು. ಹಿಟ್ಟು ಹಾರುವಾಗ ಮಾತ್ರ ‘ಸಹಾಯಕರು’ ಎಂದರೆ ಸಾಕು.

2. ನಾಲ್ಕನೆಯ ಸೀಟು

ಕರೆದವರು ನಾಲ್ಕು ಟಿಕೇಟು ಕಳಿಸುವುದಾಗಿ ತಿಳಿಸಿರುತ್ತಾರೆ. ಮೊದಲನೆಯದು ರುಕ್ಮವ್ವನವರದು. ಎರಡನೆಯದು ಇಂಗ್ಲಿಷ್ ಬಲ್ಲ ಸೊಸೆ ಶ್ರೀದೇವಿಯವರದು. ಮೂರನೆಯದು ಹುನ್ನೂರಿನ ಸೋಮವ್ವನವರದು. ಇವರು ಕುರಿಯ ಉಣ್ಣೆ ನೂಲುವವರು, ರುಕ್ಮವ್ವನವರ ಜೀವದ ಗೆಳತಿ. ಇಲ್ಲಿಯವರೆಗೆ ತಕರಾರಿಲ್ಲ.

ನಾಲ್ಕನೆಯದರ ವಿಷಯ ಹೀಗಿದೆ. ಆ ಊರಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವಾಗ ಮೊದಲು ಮನೆಯ ಕಡೆಯ ಹೆಣ್ಣುಮಗಳು ರಾಗವಾಗಿ ಕೂಗಿ ಕರೆಯುತ್ತಾಳೆ. ಆಮೇಲೆ ಅವರ ಕಡೆಯ ಹಿರಿಯರು ಮಾತನಾಡುತ್ತಾರೆ. ಅದಕ್ಕೆ ಉತ್ತರವಾಗಿ ಬಂದವರ ಕಡೆಯಿಂದ ಒಬ್ಬರು ಎದ್ದು ನಿಂತು, ನಮ್ಮ ಗುಡ್ಡ ಇದು, ನಮ್ಮ ಹೊಳೆ ಇದು, ನಾವು ಇಂಥವರ ಮನೆಯವರು ಎಂದು ಬಾಯಿಮಾತಿನಲ್ಲಿ ಹೇಳಬೇಕು. ಮಾತು ಮುಗಿದ ಮೇಲೆ ಬಂದವರೆಲ್ಲ ಕೂಡಿ ಒಂದು ಹಾಡು ಹಾಡಬೇಕು. ಆ ಊರಿನಲ್ಲಿ ಹಾಗೆ ನಿಂತು ಮಾತಾಡುವ ಪಾಳಿ ಗಂಡಸರದಾಗಿರುವುದರಿಂದ, ಮಾತು ಬಲ್ಲ ಒಬ್ಬ ಗಂಡಸನ್ನು ಕರೆತನ್ನಿರಿ ಎಂದು ಸೂಚಿಸಲಾಗಿದೆ.

ಸದರಿ ಸೀಟಿಗೆ ಇಬ್ಬರು ಅಭ್ಯರ್ಥಿಗಳಿರುತ್ತಾರೆ.

(ಅ) ಸದರಿಯವರು.
(ಆ) ಸೋಮವ್ವನವರ ಯಜಮಾನರಾದ ಅಮಸಿದ್ದಪ್ಪನವರು. ಬೀರಪ್ಪ ದೇವರ ಭಕ್ತರು, ಕುರಿಗಾರರು, ಡೊಳ್ಳಿನ ಹಾಡುಗಾರರು.

ಗಂಡನಿದ್ದೂ ಬೇರೆಯವರ ಹೆಸರು ಏಕೆ ಬಂತು ಎಂಬ ಪ್ರಶ್ನೆಗೆ ರುಕ್ಮವ್ವನವರು ನೀಡಿದ ಉತ್ತರವನ್ನು ಇದ್ದಂತೆಯೇ ದಾಖಲಿಸಲಾಗಿದೆ: “ಮಾತಾಡಾವ್ರು ಬೇಕಂದಾರ್ರೀ ಅವ್ರು, ಓದಾವ್ರಲ್ಲ.”

ಮದುವೆಯಾದಂದಿನಿಂದ ಸದರಿಯವರು ರುಕ್ಮವ್ವನವರನ್ನು ಬಿಟ್ಟು ಒಂದು ವಾರವೂ ಇದ್ದವರಲ್ಲ. ಅವರು ತವರಿಗೆ ಹೋದಾಗಲೂ ಏನಾದರೊಂದು ನೆವ ಹಿಡಿದು ಎರಡನೆಯ ದಿನವೇ ಬಸ್ಸು ಹತ್ತಿದ ದಾಖಲೆ ಇದೆ. ಈಗ ಸಮುದ್ರದಾಚೆ ಇಡೀ ತಿಂಗಳ ಮಾತು, ಅಲ್ಲಿಗೆ ಬಸ್ಸೂ ಇಲ್ಲ. ಈ ಕಂಡಿಕೆಯನ್ನು ಗೌಪ್ಯವೆಂದು ಪರಿಗಣಿಸತಕ್ಕದ್ದು. ಫ್ರಿಜ್ಜಿಗೆ ಅಂಟಿಸುವಾಗ ಇದರ ಮೇಲೆ ಲಿಂಬೆಹಣ್ಣಿನ ಅಯಸ್ಕಾಂತ ಇಡಲಾಗುವುದು.

3. ಅಭ್ಯರ್ಥಿಯ ಅರ್ಹತೆಗಳು

ಆಯ್ಕೆಯು ನಿಷ್ಪಕ್ಷಪಾತವಾಗಿರಬೇಕೆಂಬ ಉದ್ದೇಶದಿಂದ ಕೆಳಕಂಡ ಅರ್ಹತೆಗಳನ್ನು ನಿಗದಿಪಡಿಸಲಾಗಿದೆ.

(ಅ) ಅಭ್ಯರ್ಥಿಯು ಕನ್ನಡಕ ಧರಿಸುವವರಾಗಿರತಕ್ಕದ್ದು.
(ಆ) ಜಮಖಂಡಿಯಲ್ಲಿ ಕುರ್ಚಿಯ ಮೇಲೆ ಕುಳಿತ ಅನುಭವ ಇರತಕ್ಕದ್ದು. ಕಟ್ಟೆಯ ಮೇಲೆ ಕುಳಿತ ಅನುಭವವನ್ನು ಪರಿಗಣಿಸಲಾಗುವುದಿಲ್ಲ.
(ಇ) ಅಭ್ಯರ್ಥಿಯು ಸ್ವಂತ ಕುರಿ ಹೊಂದಿರತಕ್ಕದ್ದಲ್ಲ.
(ಈ) ಹೆಂಡತಿಯು ಬನಹಟ್ಟಿಯವರಾಗಿದ್ದು, ಅವರ ಹೆಸರು ‘ರು’ ಅಕ್ಷರದಿಂದ ಶುರುವಾಗುವುದು ಅಪೇಕ್ಷಣೀಯ.

ಇದನ್ನು ಶ್ರೀದೇವಿಯವರು ಗಟ್ಟಿಯಾಗಿ ಓದಿ ಹೇಳಿದಾಗ ಸೋಮವ್ವನವರು, “ಇದು ಅರ್ಹತಿ ಅಲ್ರೀ ಅಣ್ಣಾರ, ಇದು ನಿಮ್ಮ ಫೋಟೊ,” ಎಂದಿರುತ್ತಾರೆ. ಆಕ್ಷೇಪಣೆಯನ್ನು ಸ್ವೀಕರಿಸಿ, ಪರಿಶೀಲಿಸಿ, ಅದೇ ನಿಮಿಷದಲ್ಲಿ ತಿರಸ್ಕರಿಸಲಾಗಿದೆ.

4. ಉಡಿ ಅಕ್ಕಿಯ ಬಗ್ಗೆ

ದೂರದ ಪ್ರಯಾಣಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಅಕ್ಕಿ, ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು ಮತ್ತು ಕುಪ್ಪಸದ ಖಣ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಬೀಳಗಿಯಿಂದ ನಾದಿನಿ ಯಲ್ಲಕ್ಕನವರು ಈ ಕಾರ್ಯಕ್ಕಾಗಿಯೇ ಬರುವವರಿದ್ದಾರೆ. ಆದರೆ ನ್ಯೂಜಿಲೆಂಡ್ ದೇಶದವರು ಹೊರಗಿನ ಬೀಜ, ಕಾಳು, ಬೇರು, ಮಣ್ಣು ಯಾವುದನ್ನೂ ಒಳಗೆ ಬಿಡುವುದರಲ್ಲಿ ಬಹಳ ಕಟ್ಟುನಿಟ್ಟು. ತಮ್ಮ ಕಾಡನ್ನು ಕಾಪಾಡಲು ಅವರು ಬೂಟಿನ ತಳವನ್ನೂ ನೋಡುತ್ತಾರೆ.

ಆದ್ದರಿಂದ ತುಂಬಿದ ಉಡಿಯನ್ನು ವಿಮಾನ ಹತ್ತುವ ಮೊದಲೇ ಪಾಯಸ ಮಾಡಿ ಮುಗಿಸತಕ್ಕದ್ದು. ಅಡಿಕೆಯನ್ನು ಸದರಿಯವರು ತಿನ್ನುವರು. ಅರಿಷಿಣದ ಕೊಂಬನ್ನು ಯಾರು ತಿನ್ನಬೇಕೆಂಬುದು ಪರಿಶೀಲನೆಯಲ್ಲಿದೆ. ಖಣಕ್ಕೆ ಅಡ್ಡಿ ಇಲ್ಲದಿರುವುದರಿಂದ, ಅಲ್ಲಿನ ಹೆಣ್ಣುಮಕ್ಕಳಿಗೆ ಬರೀ ಖಣದಿಂದ ಉಡಿ ತುಂಬತಕ್ಕದ್ದು. ಯಲ್ಲಕ್ಕನವರು ಇದಕ್ಕೆ, “ಅಕ್ಕಿ ಇಲ್ದ ಉಡಿ ಅಂದ್ರ ಏನ್ರವಾ ಅದು, ಬಟ್ಟಿ ಅಂಗಡಿ?” ಎಂದು ಫೋನಿನಲ್ಲಿ ಅಸಮಾಧಾನ ವ್ಯಕ್ತಪಡಿಸಿದ್ದಾರೆ.

ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳ ವಿಷಯದಲ್ಲಿ, ಒಯ್ಯುವುದಿದ್ದರೆ ಆ ದೇಶದವರು ಕೊಡುವ ನಮೂನೆಯಲ್ಲಿ ಬರೆದು ತೋರಿಸತಕ್ಕದ್ದು. ಬಚ್ಚಿಡತಕ್ಕದ್ದಲ್ಲ. ಸೀರೆಯ ನಿರಿಗೆಯಲ್ಲಂತೂ ಬಚ್ಚಿಡತಕ್ಕದ್ದೇ ಅಲ್ಲ, ಸೋಮವ್ವನವರೇ.

5. ವಿಮಾನ ನಿಲ್ದಾಣದ ನಾಯಿಯ ಬಗ್ಗೆ

ಅಲ್ಲಿನ ನಿಲ್ದಾಣದಲ್ಲಿ ಚೀಲ ಮೂಸಿ ನೋಡುವ ನಾಯಿಗಳಿರುತ್ತವೆ. ಅವು ಸರಕಾರಿ ನೌಕರರ ದರ್ಜೆಯವಾದ್ದರಿಂದ ‘ಚೂ ಚೂ’ ಎಂದು ಕರೆಯುವುದು, ತಲೆ ಸವರುವುದು, ರೊಟ್ಟಿ ಹಾಕುವುದು ಲಂಚ ನೀಡಿದಂತಾಗುತ್ತದೆ. ಫೋನಿನಲ್ಲಿ ಆ ನಾಯಿಯ ಚಿತ್ರ ನೋಡಿದ ಸೋಮವ್ವನವರು, “ಇಷ್ಟ ಗಿಡ್ಡನ ನಾಯಿ! ನಮ್ಮ ಮುಧೋಳ ನಾಯಿ ತಂದು ಬಿಡಬೇಕಿತ್ತು, ವಿಮಾನದ ಬೆನ್ನ ಹತ್ತತಿತ್ತು,” ಎಂದಿದ್ದಾರೆ. ಇಂಥ ಹೋಲಿಕೆಯನ್ನು ನಾಯಿಗೆ ಕೇಳುವಂತೆ ಮಾಡತಕ್ಕದ್ದಲ್ಲ.

6. ಮೂಗಿನ ಬಗ್ಗೆ

ಮಾವೋರಿ ಜನರಲ್ಲಿ ಅತಿಥಿಗಳ ಹಣೆಗೆ ಹಣೆ, ಮೂಗಿಗೆ ಮೂಗು ಹಚ್ಚಿ, ಒಂದೇ ಉಸಿರನ್ನು ಹಂಚಿಕೊಳ್ಳುವ ಗೌರವದ ಪದ್ಧತಿ ಇದೆ. ಇದರಲ್ಲಿ ನಗುವಂಥದ್ದೇನೂ ಇಲ್ಲವೆಂದು ಎಲ್ಲ ಸದಸ್ಯರಿಗೆ ಸೂಚಿಸಲಾಗಿದೆ. ದೊಡ್ಡ ಮೂಗುಬಟ್ಟು ಧರಿಸಿದವರು ಅಂದು ಸಣ್ಣದನ್ನು ಧರಿಸತಕ್ಕದ್ದು. ನಶ್ಯ ಸೇದುವವರು ಎರಡು ದಿನ ಮೊದಲೇ ಬಿಡತಕ್ಕದ್ದು.

ಸದರಿಯವರು ಈಗಾಗಲೇ ನಡುಮನೆಯ ಕಂಬದೊಂದಿಗೆ ಅಭ್ಯಾಸ ಆರಂಭಿಸಿದ್ದು, ಪ್ರಗತಿ ತೃಪ್ತಿಕರವಾಗಿದೆ. ಈ ಸಂದರ್ಭದಲ್ಲಿ ರುಕ್ಮವ್ವನವರು ಅಡುಗೆಮನೆಯಿಂದ ಇಣುಕಿ, “ಕಂಬಕ್ಕ್ಯಾಕ ಮೂಗ ತಿಕ್ಕಾಕತ್ತೀರಿ, ನೆಗಡಿ ಆಗೇತೇನು?” ಎಂದು ವಿಚಾರಿಸಿರುತ್ತಾರೆ. ಅಭ್ಯಾಸಕ್ಕೆ ಕಂಬದ ಬದಲು ಬೇರೆ ಯಾರಾದರೂ ಮುಂದೆ ಬರುವುದಿದ್ದಲ್ಲಿ ಸದರಿಯವರ ಅಭ್ಯಂತರವಿರಲಿಲ್ಲ. ಯಾರೂ ಮುಂದೆ ಬಂದಿರುವುದಿಲ್ಲ.

ಸಭಾಂಗಣದೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುವ ರೂಢಿ ಅಲ್ಲಿಯೂ ಇದೆ. ಈ ಬಗ್ಗೆ ಪ್ರತ್ಯೇಕ ತರಬೇತಿಯ ಅಗತ್ಯವಿಲ್ಲ.

7. ಪರರ ಕುರಿಗಳ ಬಗ್ಗೆ

ಆ ದೇಶದಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ದಾರಿಯುದ್ದಕ್ಕೂ ಕುರಿ ಕಾಣುವ ಸಂಭವವಿದ್ದು, ಸೋಮವ್ವನವರು ಪ್ರತಿ ಹಿಂಡಿಗೂ ಬಸ್ಸು ನಿಲ್ಲಿಸತಕ್ಕದ್ದಲ್ಲ. ಪರರ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವುದು, ಉಣ್ಣೆ ಹಿರಿದು ಬೆರಳಿನಲ್ಲಿ ಹೊಸೆಯುವುದು, “ಇದಕ್ಕ ಸರಿಯಾಗಿ ಮೇಯಿಸಿಲ್ಲ ನೋಡು” ಎಂದು ಧಣಿಯ ಎದುರಿಗೇ ಹೇಳುವುದು ನಿಷಿದ್ಧ. ಒಂದು ದಿನಕ್ಕೆ ಒಂದು ಕುರಿಯನ್ನು ದೂರದಿಂದ ಹೊಗಳಲು ಅವಕಾಶ ನೀಡಲಾಗಿದೆ.

8. ಗುಹೆಯಲ್ಲಿ ಮೌನದ ಬಗ್ಗೆ

ವೈಟೊಮೊ ಎಂಬಲ್ಲಿ ಗುಹೆಯ ಛಾವಣಿಗೆ ಅಂಟಿಕೊಂಡ ಹುಳುಗಳು ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತವೆ. ದೋಣಿಯಲ್ಲಿ ಕುಳಿತು ಸದ್ದಿಲ್ಲದೆ ನೋಡಬೇಕು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ಮೇಲೆ ಧ್ವನಿ ಏರಿಸಿ ಮಾತಾಡಿಯೇ ರೂಢಿಯಿರುವ ಬನಹಟ್ಟಿಯ ಸದಸ್ಯರಿಗೆ ಇದು ಕಠಿಣವೆಂಬುದನ್ನು ಇಲಾಖೆ ಬಲ್ಲದು. ಕೆಮ್ಮು, ಸೀನು, ಆಕಳಿಕೆ ಹಾಗೂ “ಅಯ್ ಶಿವನ” ಎಂಬ ಉದ್ಗಾರಗಳನ್ನು ಗುಹೆಯ ಬಾಗಿಲಲ್ಲೇ ಮುಗಿಸಿ ಒಳಗೆ ಹೋಗತಕ್ಕದ್ದು. ಒಳಗೆ ಮಾತು ತಡೆಯಲಾಗದವರು ತಮ್ಮ ಸೆರಗನ್ನು ಬಾಯಲ್ಲಿ ಕಚ್ಚತಕ್ಕದ್ದು. ತಮ್ಮದನ್ನು ಮಾತ್ರ.

9. ಹೊಳೆಗೆ ಗೌರವ ಸೂಚಿಸುವ ಬಗ್ಗೆ

ವಾಂಗನುಯಿ ಎಂಬ ಹೊಳೆಗೆ ಆ ದೇಶದ ಕಾನೂನಿನಲ್ಲಿ ವ್ಯಕ್ತಿಯ ದರ್ಜೆ ನೀಡಲಾಗಿದೆ. ಮಾವೋರಿ ಜನ ಅದನ್ನು ತಮ್ಮ ಹಿರಿಯರೆಂದು ಮೊದಲಿನಿಂದಲೂ ನಂಬಿದ್ದು, ಕಾಯಿದೆ ಅದನ್ನು ಈಚೆಗೆ ಒಪ್ಪಿಕೊಂಡಿದೆ. ಆದ್ದರಿಂದ ಸದರಿ ಹೊಳೆಯನ್ನು ‘ರೀ’ ಹಚ್ಚಿಯೇ ಮಾತಾಡಿಸತಕ್ಕದ್ದು. ‘ಏ ಹೊಳಿ’ ಎನ್ನತಕ್ಕದ್ದಲ್ಲ. ಕಾಲಿಡುವ ಮೊದಲು ಅನುಮತಿ ಕೇಳಿ, ಉತ್ತರ ಬರುವಷ್ಟು ಹೊತ್ತು ಕಾಯತಕ್ಕದ್ದು.

ಈ ಕಂಡಿಕೆ ಓದಿದ ಮೇಲೆ ರುಕ್ಮವ್ವನವರು, “ಛಲೋ ಮಂದಿ ಅವ್ರು. ನಾವೂ ಕೃಷ್ಣಾನ ತಾಯಿ ಅಂತೀವಿ, ಆದ್ರ ಹಬ್ಬದಾಗಷ್ಟ,” ಎಂದರು. ಸುತ್ತೋಲೆಯ ಕಂಡಿಕೆಯೊಂದನ್ನು ಅವರು ಕೊನೆಯವರೆಗೆ ಓದಿದ್ದು ಇದೇ ಮೊದಲು. ಸದರಿಯವರಿಗೆ ಖರೆಯಂದರೆ ಬಹಳ ಖುಷಿಯಾಯಿತು. ಅವರು ಅದನ್ನು ತೋರಿಸಿಕೊಳ್ಳದೆ ಕನ್ನಡಕ ಒರೆಸಿಕೊಂಡರು.

10. ಗಿಳಿ ಮತ್ತು ಮಳೆಯ ಬಗ್ಗೆ

ದಕ್ಷಿಣದ ಹಿಮದ ಗುಡ್ಡಗಳಲ್ಲಿ ಕೀಯಾ ಎಂಬ ಹಸಿರು ಗಿಳಿ ಇರುತ್ತದೆ. ನಿಂತ ಕಾರಿನ ರಬ್ಬರು ಕೀಳುವುದು, ಚೀಲದ ಜಿಪ್ಪು ಎಳೆಯುವುದು ಅದರ ಹವ್ಯಾಸ. ಗಿಳಿಯು ವಸ್ತುವನ್ನು ಒಯ್ದಲ್ಲಿ ಸದಸ್ಯರು ಅದರ ಬೆನ್ನು ಹತ್ತದೆ, ಗಿಳಿಯ ಬಣ್ಣ, ವಯಸ್ಸು ಮತ್ತು ಹಾರಿದ ದಿಕ್ಕು ಬರೆದು ಸದರಿಯವರಿಗೆ ಸಲ್ಲಿಸತಕ್ಕದ್ದು. ಸದರಿಯವರ ಕನ್ನಡಕವನ್ನೇ ಒಯ್ದಲ್ಲಿ ಸಲ್ಲಿಸುವ ಅಗತ್ಯವಿಲ್ಲ, ಓದಲು ಬರುವುದಿಲ್ಲ.

ಮಿಲ್‌ಫೋರ್ಡ್ ಸೌಂಡ್ ಎಂಬಲ್ಲಿ ಕಡಿದಾದ ಬಂಡೆಗಳ ನಡುವೆ ಸಮುದ್ರ ಒಳಗೆ ಬಂದಿದ್ದು, ಅಲ್ಲಿ ಮಳೆ ಬಹಳ. ಮಳೆ ಬಂದರೆ ಬಂಡೆಯ ತುಂಬ ಜಲಪಾತಗಳೇಳುತ್ತವೆ. ಅದನ್ನು ನೋಡಿ “ನಮ್ಮ ಸಾವಳಗಿ ಕಡೆ ಮಳೀನ ಇಲ್ಲ, ಒಂದೀಟ ಕಳಸ್ರಿ” ಎಂದು ಅಲ್ಲಿನ ಅಧಿಕಾರಿಗಳಿಗೆ ಮನವಿ ಕೊಡತಕ್ಕದ್ದಲ್ಲ.

ಇಷ್ಟೆಲ್ಲ ಮುಂದಾಲೋಚನೆ ಮಾಡಬಲ್ಲ ವ್ಯಕ್ತಿಯೊಬ್ಬರು ಪ್ರವಾಸದಲ್ಲಿ ಜೊತೆಗಿರುವುದು ಅವಶ್ಯವೋ ಅಲ್ಲವೋ ಎಂಬುದನ್ನು ಓದಿದವರೇ ನಿರ್ಧರಿಸತಕ್ಕದ್ದು. ಸದರಿಯವರು ತಮ್ಮ ಬಾಯಿಂದ ಹೇಳುವುದಿಲ್ಲ.

11. ಪೂರ್ವಾಭ್ಯಾಸದ ವರದಿ

ಸೋಮವಾರ ಸಂಜೆ ಮಗ್ಗ ನಿಲ್ಲಿಸಿದ ಮೇಲೆ, ಶೆಡ್ಡಿನ ಮುಂದಿನ ಅಂಗಳವನ್ನು ಮಾವೋರಿ ಸಭಾಂಗಣವೆಂದು ಭಾವಿಸಿ ಇಬ್ಬರೂ ಅಭ್ಯರ್ಥಿಗಳ ಪರೀಕ್ಷೆ ನಡೆಸಲಾಯಿತು. ಶ್ರೀದೇವಿಯವರು ಮನೆಯ ಕಡೆಯ ಹೆಣ್ಣುಮಗಳಾಗಿ ರಾಗವಾಗಿ ಕರೆದರು. ಕರೆದದ್ದಕ್ಕೆ ಪಕ್ಕದ ಮನೆಯ ಎಮ್ಮೆ ಉತ್ತರ ಕೊಟ್ಟಿತು. ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೊದಲು ಅಮಸಿದ್ದಪ್ಪನವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತರು. ಬೀರಪ್ಪನಿಂದ ಆರಂಭಿಸಿ, ಗುಡ್ಡ, ಹೊಳೆ, ಹುಲ್ಲು, ತಮ್ಮ ಮುತ್ತ್ಯಾ, ಮುತ್ತ್ಯಾನ ಟಗರು, ಟಗರಿನ ತಾಯಿ ಹೀಗೆ ಹಾಡುತ್ತ ಹಾಡುತ್ತ ಹೋದರು. ಚೆನ್ನಾಗಿತ್ತು, ಇಲ್ಲವೆನ್ನಲಾಗದು. ಆದರೆ ಅದಕ್ಕೆ ಕೊನೆ ಎಂಬುದು ಇರಲಿಲ್ಲ. ದೀಪ ಹಚ್ಚಿದರು, ಚಹಾ ಕುಡಿದರು, ಕುಳಿತವರು ಎದ್ದು ಅನ್ನಕ್ಕಿಟ್ಟು ಬಂದರು, ಅವರಿನ್ನೂ ಮೂರನೆಯ ಟಗರಿನಲ್ಲಿದ್ದರು. ಕೊನೆಗೆ ಸೋಮವ್ವನವರೇ ಕಂಬಳಿಯ ತುದಿ ಹಿಡಿದು ಜಗ್ಗಿ ಕೂಡಿಸಬೇಕಾಯಿತು.

ಆಮೇಲೆ ಸದರಿಯವರು ಎದ್ದರು. ಜೇಬಿನಿಂದ ಕಾಗದ ತೆಗೆದು, “ವಿಷಯ: ನ್ಯೂಜಿಲೆಂಡ್ ದೇಶಕ್ಕೆ ಬಂದು ತಲುಪಿರುವ ಬಗ್ಗೆ. ಉಲ್ಲೇಖ ಒಂದು,” ಎಂದು ಓದತೊಡಗಿದರು. ರುಕ್ಮವ್ವನವರು ಬಂದು ಕಾಗದ ಕಸಿದುಕೊಂಡರು. ಕಾಗದವಿಲ್ಲದ ಸದರಿಯವರು ಕನ್ನಡಕ ಸರಿಮಾಡಿಕೊಂಡು ಬರಿ ಅಂಗೈಯನ್ನೇ ನೋಡಿದರು. ಗುಡ್ಡ ನೆನಪಿಗೆ ಬರಲಿಲ್ಲ, ಹೊಳೆಯೂ ಬರಲಿಲ್ಲ. ಅಮಸಿದ್ದಪ್ಪನವರು ಪಾಪ, “ಹೇಳ್ರೀ ಸಾಹೇಬ್ರ, ಅಂಜಬ್ಯಾಡ್ರಿ,” ಎಂದು ಧೈರ್ಯ ಹೇಳಿದ್ದು ಇನ್ನೂ ಹೆಚ್ಚು ನಾಚಿಕೆಯಾಗಲು ಕಾರಣವಾಯಿತು.

ಆಗ ಹೊರಟ ಮೌಖಿಕ ಆದೇಶ ಇಂತಿದೆ: “ಗುಡ್ಡ ಹೊಳಿ ಆಮ್ಯಾಲ ನೋಡೂನು. ಮೊದಲ ನನ್ನ ಹೆಸರು ಒಡಪು ಹಾಕಿ ಹೇಳ್ರಿ. ಕಾಗದ ಇಲ್ದ. ಗುರುವಾರದೊಳಗ. ಆಗಲಿಲ್ಲಂದ್ರ ಸೀಟು ಅಮಸಿದ್ದಪ್ಪಣ್ಣಂದು. ಆತು?”

ಮದುವೆ, ಸೀಮಂತದ ಕುಪ್ಪಸ ಕಾರ್ಯಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಪ್ರಾಸದ ಎರಡು ಸಾಲಿಗೆ ಕೂಡಿಸಿ, ನಾಲ್ಕು ಮಂದಿಯ ಎದುರಿಗೆ ಹೇಳುವುದಕ್ಕೆ ಒಡಪು ಎನ್ನುತ್ತಾರೆ. ತಮ್ಮ ಮದುವೆಯಲ್ಲಿ ರುಕ್ಮವ್ವನವರು ಪಟಪಟನೆ ಒಡಪು ಹಾಕಿ ಸದರಿಯವರ ಹೆಸರು ಹೇಳಿದ್ದರು. ಸದರಿಯವರು ಮಾತ್ರ, ನಾಳೆ ಹೇಳುತ್ತೇನೆ ಎಂದು ಕಾಲಾವಕಾಶ ಕೋರಿದ್ದು, ಆ ಕಡತ ಈವರೆಗೆ ಬಾಕಿ ಇರುತ್ತದೆ. ಅಂದಿನಿಂದ ಕೆಲಸವೆಲ್ಲ ‘ಏ ಇಕಿನ’, ‘ಕೇಳಸ್ತೇನು’ ಎಂಬ ಪದಗಳಲ್ಲೇ ನಡೆದಿದೆ. ಬರಹದಲ್ಲಿ ಮಾತ್ರ ಸದರಿಯವರು ಅವರ ಹೆಸರನ್ನು ‘ಶ್ರೀಮತಿ’ ಸಹಿತ ಧಾರಾಳವಾಗಿ ಬಳಸುತ್ತಾರೆ.

(ಕಂಡಿಕೆ 1ರಿಂದ 11ರವರೆಗೆ ಬುಧವಾರ ಬರೆಯಲಾಗಿದೆ. ಮುಂದಿನದು ಗುರುವಾರದ್ದು. ಹಳೆಯ ಹಾಳೆ ಹರಿದು ಹೊಸದಾಗಿ ಬರೆಯುವುದು ಕಾಗದದ ದುರ್ಬಳಕೆಯಾಗುವುದರಿಂದ ಇದ್ದಂತೆಯೇ ಮುಂದುವರಿಸಲಾಗಿದೆ.)

12. ಗುರುವಾರ ನಡೆದ ಘಟನೆ

ಆದೇಶದಲ್ಲಿ ‘ಹೇಳಬೇಕು’ ಎಂದಿದೆಯೇ ಹೊರತು ‘ಕೇಳಿಸಬೇಕು’ ಎಂದಿಲ್ಲ ಎಂಬುದನ್ನು ಸದರಿಯವರು ಬುಧವಾರವೇ ಗಮನಿಸಿದ್ದರು. ಕಚೇರಿಯ ಅನುಭವ ಇಂಥ ಹೊತ್ತಿಗೇ ಒದಗುವುದು. ಹಗಲು ಹೊತ್ತಿನಲ್ಲಿ ನಮ್ಮ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಗೇ ಓಡುವಾಗ ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಆ ಸದ್ದಿನಲ್ಲಿ, ರುಕ್ಮವ್ವನವರ ಬೆನ್ನ ಹಿಂದೆ ನಿಂತು ಒಡಪು ಹೇಳಿಬಿಟ್ಟರೆ ಆದೇಶವನ್ನು ಪಾಲಿಸಿದಂತೆಯೂ ಆಯಿತು, ಒಂದು ಪಿಳ್ಳೆಗೂ ಗೊತ್ತಾಗದಂತೆಯೂ ಆಯಿತು ಎಂಬುದು ಯೋಜನೆ.

ಅದರಂತೆ ಸದರಿಯವರು ಶೆಡ್ಡಿನೊಳಗೆ ಹೋದರು. ಮಗ್ಗಗಳು ಖಟಕ್ ಖಟಕ್ ಎಂದು ಓಡುತ್ತಿದ್ದವು. ರುಕ್ಮವ್ವನವರು ಆಚೆ ಮುಖ ಮಾಡಿ ಹರಿದ ಎಳೆ ಕೂಡಿಸುತ್ತಿದ್ದರು, ತಲೆಯ ತುಂಬ ಹತ್ತಿಯ ಧೂಳು. ಸದರಿಯವರು ಕಾಗದ ತಂದಿರಲಿಲ್ಲ. ಕಣ್ಣು ಮುಚ್ಚಿದರು. ತಮಗೆ ತಮ್ಮ ಧ್ವನಿ ಕೇಳಬೇಕಲ್ಲ ಎಂದು ಗಂಟಲ ನರ ಉಬ್ಬಿಸಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದರು:

“ಹಾಸು ಹೊಕ್ಕು ಕೂಡಿದ್ರ ಆಗತೈತಿ ಸೀರಿ…”

ಇಲ್ಲಿಗೆ ಸರಿಯಾಗಿ ಕರೆಂಟು ಹೋಯಿತು.

ಶೆಡ್ಡು ನಿಂತಿತು. ಎದುರಿನ ಶೆಡ್ಡು ನಿಂತಿತು. ಇಡೀ ಓಣಿ ಒಮ್ಮೆಗೇ ಗಪ್ಪಾಯಿತು. ಸದರಿಯವರ ಬಾಯಿಗೆ ಮಾತ್ರ ಕರೆಂಟು ಹೋದ ಸಂಗತಿ ತಡವಾಗಿ ತಿಳಿದಿದ್ದರಿಂದ ಎರಡನೆಯ ಸಾಲು ಅದೇ ರಭಸದಲ್ಲಿ ಹೊರಗೆ ಬಿತ್ತು:

“ರುಕ್ಮವ್ವನ ಹೆಸರ ಹೇಳ್ತೇನಿ, ಇಡೀ ಓಣಿ ಕೇಳ್ರಿ!”

ಸದರಿ ಸಾಲಿನ ಕೊನೆಯ ಭಾಗವನ್ನು ಪ್ರಾಸಕ್ಕಾಗಿ ಮಾತ್ರ ಬಳಸಲಾಗಿತ್ತು ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಆದರೆ ಓಣಿ ಅದನ್ನು ಆದೇಶವೆಂದೇ ತಿಳಿದು ಕೇಳಿಬಿಟ್ಟಿತು. ಎದುರಿನ ಶೆಡ್ಡಿನಿಂದ ಯಾರೋ “ಹೋ!” ಎಂದರು. ಯಾರೋ ಸೀಟಿ ಹೊಡೆದರು. ನೂಲು ತಂದ ಗಾಡಿಯ ಮೇಲಿನವರು ಚಪ್ಪಾಳೆ ತಟ್ಟಿದರು. ಕಿರಾಣಿ ಅಂಗಡಿಯಿಂದ, “ಯಾರ್ಲೇ ಅದು?” ಎಂಬ ಪ್ರಶ್ನೆಗೆ, “ರುಕ್ಮವ್ವನ ಗಂಡಲೇ!” ಎಂಬ ಉತ್ತರ ಬಂದದ್ದು ಕಂಡಿಕೆ 1ರ ಸ್ಪಷ್ಟ ಉಲ್ಲಂಘನೆಯಾಗಿರುತ್ತದೆ.

ಸದರಿಯವರು ಓಡಿಹೋಗಲು ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಶ್ರೀದೇವಿಯವರೂ ಸೋಮವ್ವನವರೂ ನಿಂತಿದ್ದರಿಂದ ದಾರಿ ಇರಲಿಲ್ಲ. ರುಕ್ಮವ್ವನವರು ಕೈಯಲ್ಲಿದ್ದ ಎಳೆ ಹಾಗೇ ಹಿಡಿದುಕೊಂಡು ಈಚೆ ಮುಖ ಮಾಡಿದರು. ಬೈಯುವರೆಂದು ತಿಳಿಯಲಾಗಿತ್ತು. ಬೈಯಲಿಲ್ಲ. ಮದುವೆಯ ದಿನ ಕಂಡಿದ್ದ ಮುಖ ಅದು. ಇಷ್ಟು ವರ್ಷ ಅದು ಎಲ್ಲಿ ಹೋಗಿತ್ತೆಂದು ಇಲಾಖೆಗೆ ತಿಳಿದಿಲ್ಲ. ಅವರು ಹೇಳಿದ್ದು ಇಷ್ಟೇ:

“ಇನ್ನೊಮ್ಮಿ ಹೇಳ್ರಿ. ಕರೆಂಟು ಬರೂದ್ರೊಳಗ.”

ಹೇಳಲಾಯಿತು. ಮೆಲ್ಲಗೆ ಹೇಳಿದರೂ ಕೇಳಿಸಿತು. ಆಮೇಲೆ, ಯಾರೂ ಕೇಳದಿದ್ದರೂ, ಬಾಯಿ ತಾನಾಗಿಯೇ ಮುಂದುವರಿಯಿತು: “ನಮ್ಮ ಗುಡ್ಡ ಜಮಖಂಡಿ ಗುಡ್ಡ. ನಮ್ಮ ಹೊಳಿ ಕೃಷ್ಣಾ. ಹೊಳ್ಯಾಗ ನೀರ ಇದ್ರೂ ನಮ್ಮಕಿ, ಇಲ್ದಿದ್ರೂ ನಮ್ಮಕಿ. ನಮ್ಮ ಓಣ್ಯಾಗ ಮಗ್ಗದ ಸಪ್ಪಳ, ಅದರಾಗ ನಮ್ಮ ಮಂದಿ ಹುಟ್ಟಿದ್ರು, ಅದರಾಗ ದೊಡ್ಡವ್ರಾದ್ರು. ನನ್ನ ಹೆಸರ ಶಂಕರೆಪ್ಪ. ನಾ ಯಾರಂದ್ರ…”

ಇಲ್ಲಿ ‘ನಿವೃತ್ತ ಪ್ರಥಮ ದರ್ಜೆ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಲಾಯಿತು.

“ನಾ ರುಕ್ಮವ್ವನ ಗಂಡ.”

ಸೋಮವ್ವನವರು ಮೂಗೆಳೆದು ಕಣ್ಣು ಒರೆಸಿಕೊಂಡರು. ಧೂಳಿಗೆ ಎಂದು ಹೇಳಿರುತ್ತಾರೆ. ರುಕ್ಮವ್ವನವರು ಮುಂದೆ ಬಂದು, ಸೊಸೆ ಇದ್ದಾಳೆಂದೂ ನೋಡದೆ, ಸದರಿಯವರ ಹಣೆಗೆ ಹಣೆ, ಮೂಗಿಗೆ ಮೂಗು ಹಚ್ಚಿದರು. ಕಂಬದೊಂದಿಗೆ ಮಾಡಿದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಓಡತೊಡಗಿದವು, ಅವರು ಆಮೇಲೆ ಏನೋ ಹೇಳಿದ್ದು ಸದರಿಯವರಿಗೆ ಕೇಳಲಿಲ್ಲ. ಕೇಳಿತೆಂದು ತಲೆ ಆಡಿಸಲಾಗಿದೆ.

13. ಅಂತಿಮ ಆದೇಶ

(ಅ) ನಾಲ್ಕನೆಯ ಸೀಟು ಸದರಿಯವರದು. ಸುದ್ದಿ ಮುಟ್ಟಿಸಿದಾಗ ಅಮಸಿದ್ದಪ್ಪನವರು, “ಹೋಗಿ ಬರ್ರೀ. ನಾ ಬಂದಿದ್ರ ಕುರಿ ಯಾರ್ ಕಾಯ್ತಿದ್ರು? ಆದ್ರ ಹಾಡ ನಮ್ಮ ಬೀರಪ್ಪಂದ ಹಾಡಬೇಕ ನೋಡ್ರಿ,” ಎಂದು ದೊಡ್ಡ ಮನಸ್ಸು ಮಾಡಿದ್ದಾರೆ. ಅಲ್ಲಿ ಮಾತಿನ ನಂತರದ ಹಾಡನ್ನು ಸೋಮವ್ವನವರು ಹೇಳಿಕೊಡುವರು. ಮೊದಲನೆಯ ಟಗರಿಗೆ ನಿಲ್ಲಿಸತಕ್ಕದ್ದು.
(ಆ) ಕಂಡಿಕೆ 3ರ ಅರ್ಹತೆಗಳನ್ನು ಹಿಂಪಡೆಯಲಾಗಿದೆ. ಕನ್ನಡಕ ಮಾತ್ರ ಮುಂದುವರಿಯುವುದು.
(ಇ) ಕಂಡಿಕೆ 6ರಲ್ಲಿ ಕಂಬ ಎಂದಿರುವಲ್ಲೆಲ್ಲ ‘ರುಕ್ಮವ್ವ’ ಎಂದು ಓದಿಕೊಳ್ಳತಕ್ಕದ್ದು.
(ಈ) ಕಂಡಿಕೆ 1ರ ಕೊನೆಯ ನಿಷೇಧವನ್ನು ರದ್ದುಪಡಿಸಲಾಗಿದೆ. ಹಿಟ್ಟಿನ ಗಿರಣಿಯವರೂ, ಕಿರಾಣಿಯವರೂ, ಕಂಪೌಂಡರರೂ ಮೊದಲಿನಂತೆಯೇ ಕರೆಯಬಹುದು. ಗಟ್ಟಿಯಾಗಿ ಕರೆದರೂ ನಡೆಯುತ್ತದೆ.

ಮೇಲ್ಕಂಡ ಎಲ್ಲವನ್ನೂ ಚಾಚೂತಪ್ಪದೆ ಪಾಲಿಸತಕ್ಕದ್ದು. ಪಾಲಿಸದಿದ್ದಲ್ಲಿ ಏನು ಮಾಡಬೇಕೆಂದು ಇಲಾಖೆಗೆ ಈಗ ತೋಚುತ್ತಿಲ್ಲ.

ಸಹಿ/-
(ರುಕ್ಮವ್ವನ ಗಂಡ)
ಬನಹಟ್ಟಿ

ಪ್ರತಿಗಳು:
1. ನ್ಯೂಜಿಲೆಂಡಿನ ನೇಕಾರ ಅಕ್ಕತಂಗಿಯರಿಗೆ: ನಾಲ್ಕು ಮೂಗುಗಳು ಬರುತ್ತಿವೆ ಎಂಬ ಮಾಹಿತಿಗಾಗಿ.
2. ವಾಂಗನುಯಿ ಹೊಳೆಯವರಿಗೆ: ಗೌರವಪೂರ್ವಕವಾಗಿ.
3. ಶ್ರೀ ಅಮಸಿದ್ದಪ್ಪನವರಿಗೆ, ಹುನ್ನೂರ: ಓದಿ ಹೇಳತಕ್ಕದ್ದು, ಉತ್ತರವನ್ನು ಹಾಡಿನಲ್ಲಿ ನೀಡತಕ್ಕದ್ದಲ್ಲ.
4. ಶ್ರೀಮತಿ ಯಲ್ಲಕ್ಕನವರಿಗೆ, ಬೀಳಗಿ: ಅರಿಷಿಣದ ಕೊಂಬಿನ ಬಗ್ಗೆ ನಿರ್ಧಾರ ಕೋರಿ.
5. ಮಗ ಸುಭಾಷ್‌ಗೆ: ಇಡೀ ತಿಂಗಳು ಮಗ್ಗ ನೋಡಿಕೊಳ್ಳಲು, ಮತ್ತು ಗುರುವಾರದ ಘಟನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಲ್ಲಿ ಅಳಿಸಲು. ಅಳಿಸುವ ಮೊದಲು ಒಂದು ಪ್ರತಿಯನ್ನು ಸದರಿಯವರಿಗೆ ಕಳಿಸಲು.
6. ವಿದ್ಯುತ್ ಕಚೇರಿಗೆ: ಸಮಯಕ್ಕೆ ಸರಿಯಾಗಿ ಕರೆಂಟು ತೆಗೆದದ್ದಕ್ಕೆ ವಂದನೆಗಳು. ಇನ್ನೂ ಸ್ವಲ್ಪ ಹೊತ್ತು ತಡೆದು ಕೊಟ್ಟಿದ್ದರೂ ತಕರಾರಿರಲಿಲ್ಲ.
7. ಫ್ರಿಜ್ಜಿಗೆ.
8. ರುಕ್ಮವ್ವನಿಗೆ: ಪ್ರತಿ ಇಲ್ಲ. ಬಾಯಿಂದ ಹೇಳಲಾಗುವುದು.